ಹೋಮ್‌ಸ್ಕೂಲಿಂಗ್ ಮಗುವಿಗೆ ಯಾವ ಲ್ಯಾಪ್‌ಟಾಪ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ ಪಾಲಕರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಬಹುಪಾಲು ಪತ್ರಗಳ ಕೇಳಿಕೆ ಒಂದೇ: ಕಡಿಮೆ ದುಡ್ಡಿನಲ್ಲಿ ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು? ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ. ಇಲ್ಲಿ ಕೊಟ್ಟ ಬೆಲೆಗಳು ಅಂದಾಜಿನವು. ಮೆಮೊರಿ ಚಿಪ್‌ಗಳ ದರ ಏರುತ್ತಿರುವುದರಿಂದ ಅಂಗಡಿಗೆ ಹೋಗುವ ದಿನ ಇನ್ನೊಮ್ಮೆ ವಿಚಾರಿಸಿಕೊಳ್ಳಿ.

ಪ್ರಶ್ನೆ: ಮಗಳಿಗೆ ಹನ್ನೊಂದು ವರ್ಷ. ದಿನಕ್ಕೆ ಮೂರು ಗಂಟೆ ಜೂಮ್ ಕ್ಲಾಸ್, ಉಳಿದಂತೆ ವಿಡಿಯೊ ಪಾಠ, ಸ್ವಲ್ಪ ಸ್ಕ್ರ್ಯಾಚ್ (ಮಕ್ಕಳ ಪ್ರೋಗ್ರಾಮಿಂಗ್). ಇಲ್ಲಿಯವರೆಗೆ ನನ್ನ ಮೊಬೈಲಿನಲ್ಲೇ ನಡೆಯಿತು. ಅಂಗಡಿಯವರು 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜಿನ ಹೊಸ ಲ್ಯಾಪ್‌ಟಾಪ್ ತೋರಿಸಿ ‘ಆನ್‌ಲೈನ್ ಕ್ಲಾಸಿಗೆ ಇದು ಧಾರಾಳ ಸಾಕು’ ಅಂದರು. ಬೆಲೆ 20 ಸಾವಿರದ ಆಸುಪಾಸು. ನಾವು 30–35 ಸಾವಿರದವರೆಗೆ ಹೊಂದಿಸಬಲ್ಲೆವು. ಅದನ್ನೇ ತಗೊಂಡು ಉಳಿದ ದುಡ್ಡು ಉಳಿಸಲೇ?
– ಓದುಗರು, ಶಿರಸಿ

ಉತ್ತರ: ಬೇಡ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಳತೆಯೇ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ರ‍್ಯಾಮ್ ಎಂದರೆ ತೆರೆದಿರುವ ಕೆಲಸಗಳನ್ನು ಆ ಹೊತ್ತಿಗೆ ಹಿಡಿದಿಡುವ ಮೆಮೊರಿ, ಸ್ಟೋರೇಜ್ ಎಂದರೆ ಫೈಲುಗಳು ಉಳಿಯುವ ಜಾಗ. ಅಂಗಡಿಯವರು ತೋರಿಸಿದ್ದರಲ್ಲಿ ವಿಂಡೋಸಿಗೆ ಜಾಗ ಇದೆ, ನಿಮ್ಮ ಮಗಳ ಕೆಲಸಕ್ಕೆ ಇಲ್ಲ.

4 ಜಿಬಿ ರ‍್ಯಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ, ಏನನ್ನೂ ತೆರೆಯುವ ಮೊದಲೇ, ವಿಂಡೋಸಿನ ಪಾಲಾಗುತ್ತದೆ. ಮೇಲೆ ಜೂಮ್ ಕೂತಿತು, ಟೀಚರ್ ಕಳಿಸಿದ ಪಿಡಿಎಫ್ ಕ್ರೋಮಿನಲ್ಲಿ ತೆರೆಯಿತು ಅಂದರೆ ರ‍್ಯಾಮ್ ಮುಗಿಯಿತು. ಆಗ ವಿಂಡೋಸ್ ಸ್ಟೋರೇಜನ್ನೇ ರ‍್ಯಾಮಿನ ಬದಲು ಬಳಸತೊಡಗುತ್ತದೆ. ಈ ಬೆಲೆಯ ಯಂತ್ರಗಳಲ್ಲಿ ಸ್ಟೋರೇಜ್ ಅನ್ನುವುದು ಎಸ್‌ಎಸ್‌ಡಿ ಎಂಬ ವೇಗದ ಡ್ರೈವ್ ಅಲ್ಲ, ಇಎಂಎಂಸಿ ಎಂಬ ನಿಧಾನದ ಚಿಪ್. ಎಸ್‌ಎಸ್‌ಡಿಗಿಂತ ಹಲವು ಪಟ್ಟು ಹಿಂದೆ. ಫಲ ಏನೆಂದರೆ, ಟೀಚರ್ ಮಾತು ತುಂಡು ತುಂಡಾಗಿ ಕೇಳಿಸುತ್ತದೆ, ಮೌಸ್ ಒತ್ತಿದರೆ ಅರೆ ನಿಮಿಷ ಬಿಟ್ಟು ಕೆಲಸ ಮಾಡುತ್ತದೆ, ಮನೆಯವರೆಲ್ಲ ನೆಟ್ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಇನ್ನೊಂದು ತೊಂದರೆ ಕೆಲವು ತಿಂಗಳು ಕಳೆದ ಮೇಲೆ ಶುರುವಾಗುತ್ತದೆ. ವಿಂಡೋಸಿನ ದೊಡ್ಡ ಅಪ್‌ಡೇಟ್ ಇಳಿಯಲು ಹತ್ತಿಪ್ಪತ್ತು ಜಿಬಿ ಖಾಲಿ ಇರಬೇಕು. 64 ಜಿಬಿಯಲ್ಲಿ ಅಷ್ಟು ಉಳಿದಿರುವುದಿಲ್ಲ, ಅಪ್‌ಡೇಟ್ ಅರ್ಧಕ್ಕೆ ನಿಂತು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇರುತ್ತದೆ. ರ‍್ಯಾಮ್, ಇಎಂಎಂಸಿ ಎರಡೂ ಮದರ್‌ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಆಮೇಲೆ ಬದಲಿಸಲೂ ಬರುವುದಿಲ್ಲ.

ನಿಮ್ಮ ಬಜೆಟ್ಟಿನಲ್ಲಿ ಬಿಟ್ಟುಕೊಡಬಾರದ್ದು ಎರಡು: 8 ಜಿಬಿ ರ‍್ಯಾಮ್, ಕನಿಷ್ಠ 256 ಜಿಬಿಯ ಎನ್‌ವಿಎಂಇ (ಇನ್ನೂ ವೇಗದ ಬಗೆಯ) ಎಸ್‌ಎಸ್‌ಡಿ. ಮೂರನೆಯದು ಪ್ರೊಸೆಸರ್. ಇಲ್ಲಿ ಕಂಪನಿ ಹೆಸರಿಗಿಂತ ನಂಬರು ಮುಖ್ಯ. ಇಂಟೆಲ್ ಸೆಲೆರಾನ್ ಎನ್4020, ಎನ್4500 ಇವೆರಡರಲ್ಲೂ ಇರುವುದು ಎರಡೇ ಕೋರ್ (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕ), ಬಿಟ್ಟುಬಿಡಿ. ಎನ್100ರಲ್ಲಿ ನಾಲ್ಕು ಕೋರ್. ಕ್ಲಾಸು, ವಿಡಿಯೊ, ಸ್ಕ್ರ್ಯಾಚ್ ನಡೆಸುತ್ತದೆ. ಐ3-1215ಯು ಸಿಕ್ಕರೆ ಅದೇ ಒಳ್ಳೆಯದು, ಆರು ಕೋರ್. ಮುಂದೆ ಪೈಥಾನ್, ಸ್ವಲ್ಪ ವಿಡಿಯೊ ಎಡಿಟಿಂಗ್ ಅಂತ ಹೋದರೂ ತಡೆಯುತ್ತದೆ. ಎಎಂಡಿಯಲ್ಲಿ ರೈಜೆನ್ 3 7320ಯು ಈ ಕೆಲಸಕ್ಕೆ ಸಾಕು. ಆದರೆ 7000 ಅನ್ನುವ ಅಂಕಿ ನೋಡಿ ಹೊಚ್ಚಹೊಸದು ಅಂದುಕೊಳ್ಳಬೇಡಿ. ಆ ಸಾಲಿನಲ್ಲಿ ಒಳಗಿನ ವಿನ್ಯಾಸ ಎಷ್ಟು ಹೊಸದು ಎಂದು ಹೇಳುವುದು ಮೂರನೆಯ ಅಂಕಿ: 7320ಯುನಲ್ಲಿ ಅದು 2, ಅಂದರೆ ಹಳೆಯ ಜೆನ್ 2, 7330ಯುನಲ್ಲಿ 3, ಅಂದರೆ ಜೆನ್ 3. ಬೆಲೆ ಹತ್ತಿರ ಹತ್ತಿರ ಇದ್ದರೆ 7330ಯು ತಗೊಳ್ಳಿ.

ರ‍್ಯಾಮ್ ಆಮೇಲೆ ಹೆಚ್ಚಿಸಬಹುದೇ ಎಂದು ಕೇಳಿ, ಉತ್ತರವನ್ನು ನಂಬದೆ ನೋಡಿ. ಡೆಮೊ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ‘ಸ್ಲಾಟ್ಸ್ ಯೂಸ್ಡ್’ ಎಂಬಲ್ಲಿ ಎರಡರಲ್ಲಿ ಒಂದು ಎಂದಿದ್ದರೆ ಸಾಮಾನ್ಯವಾಗಿ ಒಂದು ಸ್ಲಾಟ್ ಖಾಲಿ ಇದೆ ಎಂದು ಅರ್ಥ. ಆದರೂ ಆ ಮಾದರಿಯ ವಿವರಪಟ್ಟಿಯಲ್ಲಿ ಒಮ್ಮೆ ತಾಳೆ ನೋಡಿ; ಬೆಸುಗೆ ಹಾಕಿದ ರ‍್ಯಾಮ್ ಇದ್ದಾಗ ಈ ಅಂಕಿ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. 7320ಯು ಇರುವ ಯಂತ್ರಗಳಲ್ಲಿ ರ‍್ಯಾಮ್ ಬೆಸುಗೆಯದೇ. ಎಷ್ಟು ಕೊಂಡಿರೋ ಕೊನೆವರೆಗೂ ಅಷ್ಟೇ.

ಪರದೆ ಫುಲ್ ಎಚ್‌ಡಿ ಇರಲಿ, ಅಂದರೆ 1920×1080. ಹಳೆಯ 1366×768 ಪರದೆಯಲ್ಲಿ ಟೀಚರ್ ಸ್ಲೈಡ್ ಒಂದು ಕಡೆ, ನೋಟ್ಸ್ ಇನ್ನೊಂದು ಕಡೆ ಇಡಲು ಆಗುವುದಿಲ್ಲ. ಪರದೆಯನ್ನು ಹಿಂದಕ್ಕೆ ವಾಲಿಸಿ ನೋಡಿ. ಚಿತ್ರದಲ್ಲಿರುವ ಮುಖದ ಬಣ್ಣ ಕಪ್ಪಾಗಿ ತಿರುಗಿದರೆ ಅದು ಅಗ್ಗದ ಟಿಎನ್ ಪ್ಯಾನೆಲ್. ಟಚ್ ಸ್ಕ್ರೀನ್, ಬೆಳಗುವ ಕೀಬೋರ್ಡ್, ಫಿಂಗರ್‌ಪ್ರಿಂಟ್ ಇವಕ್ಕೆಲ್ಲ ಈ ಬಜೆಟ್ಟಿನಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನೊಂದು ಲೆಕ್ಕ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಕಟ್ಟಿಸುವ ಯೋಚನೆ ನಿಮಗಿದ್ದರೆ ಅದಕ್ಕೆ ಮಗಳಿಗೆ 14 ತುಂಬಿರಬೇಕು. ಈಗ ಕೊಳ್ಳುವ ಯಂತ್ರ ಅಲ್ಲಿಯವರೆಗಾದರೂ ನಡೆಯಬೇಕು. 4 ಜಿಬಿಯದು ಅಷ್ಟು ಕಾಲ ಕ್ಲಾಸು ನಡೆಸಿಕೊಡುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪನಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 15–20 ಸಾವಿರಕ್ಕೆ ಸಿಗುತ್ತದಂತೆ. ಹೊಸ ಅಗ್ಗದ್ದಕ್ಕಿಂತ ಅದೇ ಮೇಲು ಎನ್ನುತ್ತಾರೆ. ನಿಜವೇ? ಮೋಸ ಹೋಗದ ಹಾಗೆ ಹೇಗೆ ನೋಡಿ ತರುವುದು?
– ಓದುಗರು, ಹಾಸನ

ಉತ್ತರ: ನಿಜ, ನೋಡಿ ತಂದರೆ. ಕಚೇರಿಗಳಿಗೆಂದು ಮಾಡಿದ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಇಂಥವುಗಳ ಕೀಬೋರ್ಡ್, ಹಿಂಜ್ ಗಟ್ಟಿ. ತಿರುಪು ಬಿಚ್ಚಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸಬಹುದು. ಬಿಡಿಭಾಗ ಸುಲಭವಾಗಿ ಸಿಗುತ್ತದೆ.

ಮೊದಲು ಪ್ರೊಸೆಸರಿನ ತಲೆಮಾರು ನೋಡಿ. ಐ5-8350ಯು ಎಂದಿದ್ದರೆ ಅಡ್ಡಗೆರೆಯ ನಂತರದ 8 ಎಂಟನೇ ತಲೆಮಾರು ಎಂದು ಹೇಳುತ್ತದೆ. ಇದಕ್ಕಿಂತ ಕೆಳಗೆ ಇಳಿಯಬೇಡಿ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ5-6300ಯು, 7200ಯು ಯಂತ್ರಗಳಿಗೂ ಅಡ್ಡದಾರಿಯಲ್ಲಿ 11 ಹಾಕಿ ‘ಚೆನ್ನಾಗಿ ಓಡ್ತದೆ ನೋಡಿ ಸಾರ್’ ಎಂದು ತೋರಿಸುತ್ತಾರೆ. ಆ ದಿನ ಓಡುವುದು ಹೌದು. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿ ಸಲ ಮತ್ತೆ ಅಡ್ಡದಾರಿ ಹಿಡಿಯಬೇಕು.

ಅಂಗಡಿಯಲ್ಲಿ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಅವಸರ ಮಾಡುವ ಅಂಗಡಿ ಬಿಟ್ಟು ಪಕ್ಕದ್ದಕ್ಕೆ ಹೋಗಿ. ಆ ರಸ್ತೆಯಲ್ಲಿ ಅಂಗಡಿಗಳಿಗೇನು ಬರವಿಲ್ಲ.

ಯಂತ್ರ ಆನ್ ಆಗುವಾಗಲೇ ಬಯಾಸ್‌ಗೆ (ವಿಂಡೋಸಿಗೂ ಮೊದಲು ತೆರೆಯುವ, ಯಂತ್ರದ ಮೂಲ ಸೆಟ್ಟಿಂಗುಗಳ ಪುಟ) ಹೋಗಿ. ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಡಿ. ಆ ಬೀಗ ತೆಗೆಯುವುದು ಸುಲಭವಲ್ಲ. ಒಳಗೆ ಸೆಕ್ಯುರಿಟಿ ವಿಭಾಗದಲ್ಲಿ ಕಂಪ್ಯೂಟ್ರೇಸ್ ಅಥವಾ ಆ್ಯಬ್ಸೊಲ್ಯೂಟ್ ಎಂಬ ಸಾಲು ಇರುತ್ತದೆ. ಅದು ‘ಆ್ಯಕ್ಟಿವೇಟೆಡ್’ ಎಂದಿದ್ದರೆ ಯಂತ್ರ ಈಗಲೂ ಹಳೆಯ ಕಂಪನಿಯ ಕಣ್ಗಾವಲಿನಲ್ಲಿರಬಹುದು, ಕೊಳ್ಳಬೇಡಿ.

ಎರಡನೆಯದು ಬಹಳ ಜನ ಮಾಡದ ಪರೀಕ್ಷೆ. ನಿಮ್ಮೆದುರೇ ವಿಂಡೋಸ್ ರೀಸೆಟ್ ಮಾಡಿಸಿ, ಮತ್ತೆ ಶುರುವಾಗುವಾಗ ನಿಮ್ಮ ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ. ಯಾವುದೋ ಕಂಪನಿಯ ಹೆಸರು ಹೇಳಿ ಸ್ವಾಗತ ಕೋರಿ ಆಫೀಸಿನ ಇಮೇಲ್ ಕೇಳಿತೋ, ಆ ಯಂತ್ರವನ್ನು ಕಂಪನಿ ತನ್ನ ಆಟೊಪೈಲಟ್ (ಕಂಪನಿಯ ಯಂತ್ರಗಳನ್ನು ನೆಟ್ ಮೂಲಕ ನಿಭಾಯಿಸುವ ಮೈಕ್ರೋಸಾಫ್ಟ್ ಸೇವೆ) ಪಟ್ಟಿಯಿಂದ ತೆಗೆದಿಲ್ಲ. ಅಂಗಡಿಯವರು ನೆಟ್ ಇಲ್ಲದೆ ವಿಂಡೋಸ್ ಹಾಕಿರುವುದರಿಂದ ಇದು ಅಲ್ಲಿ ಗೊತ್ತಾಗಿರುವುದಿಲ್ಲ. ಎಂದೋ ಒಂದು ದಿನ ನೀವು ಮನೆಯಲ್ಲಿ ರೀಸೆಟ್ ಮಾಡಿದಾಗ ಎದುರಾಗುತ್ತದೆ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಂ, ಆ್ಯಕ್ಟಿವೇಶನ್ ತೆರೆಯಿರಿ. ಡಿಜಿಟಲ್ ಲೈಸೆನ್ಸ್ ಎಂದಿರಬೇಕು. ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸರ್ವಿಸ್ ಮೂಲಕ’ ಎಂಬ ಅರ್ಥದ ವಾಕ್ಯ ಇದ್ದರೆ ನಕಲಿ ವಿಧಾನದಲ್ಲಿ ಚಾಲೂ ಮಾಡಿರುವ ಸಂಭವವೇ ಹೆಚ್ಚು.

ಬ್ಯಾಟರಿ ಹೇಗಿದೆ ಎಂದು ಅಂಗಡಿಯವರನ್ನು ಕೇಳುವ ಅಗತ್ಯವೇ ಇಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ತೆರೆಯಿರಿ. ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ (ಪವರ್ ಪದಕ್ಕೆ ಅಂಟಿಕೊಂಡೇ ಸಿ, ಎಫ್, ಜಿ, ಒಂದು ಜಾಗ ಬಿಟ್ಟು ಓರೆಗೆರೆ, ಬ್ಯಾಟರಿ ರಿಪೋರ್ಟ್ ಎರಡೂ ಕೂಡಿಸಿ) ಎಂಟರ್ ಒತ್ತಿ. ವರದಿಯ ಫೈಲ್ ಎಲ್ಲಿ ಉಳಿದಿದೆ ಎಂದು ಅದೇ ತೋರಿಸುತ್ತದೆ, ಬ್ರೌಸರಿನಲ್ಲಿ ತೆರೆಯಿರಿ. ಡಿಸೈನ್ ಕೆಪಾಸಿಟಿ 48,000, ಫುಲ್ ಚಾರ್ಜ್ ಕೆಪಾಸಿಟಿ 31,000 ಮಿಲಿವ್ಯಾಟ್ ಅವರ್, ಅಂದರೆ 31 ವ್ಯಾಟ್ ಅವರ್, ಇದೆ ಎನ್ನಿ. ಬ್ಯಾಟರಿ ಶೇ 65ರಷ್ಟು ಉಳಿದಿದೆ. ಕ್ಲಾಸ್ ನಡೆಯುವಾಗ ಲ್ಯಾಪ್‌ಟಾಪ್ ಸುಮಾರು 12 ವ್ಯಾಟ್ ಎಳೆದರೆ, 31ನ್ನು 12ರಿಂದ ಭಾಗಿಸಿ, ಎರಡೂವರೆ ಗಂಟೆ ಬರುತ್ತದೆ. ಶೇ 60ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ಹಾಕಿಸಿಕೊಡಿ ಎನ್ನಿ, ಇಲ್ಲವೇ ಬ್ಯಾಟರಿಯ ಬೆಲೆಯನ್ನು ಮುರಿದುಕೊಂಡು ಚೌಕಾಸಿ ಮಾಡಿ. ಟಿ480ರಲ್ಲಿ ಬ್ಯಾಟರಿ ಎರಡಿರುತ್ತವೆ, ಒಳಗೊಂದು, ಹೊರಗೊಂದು. ವರದಿಯಲ್ಲಿ ಎರಡನ್ನೂ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಂ ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂದು ಶೇಕಡಾವಾರು ಹೇಳುತ್ತದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡೇ ಹೋಗಿ.

ಕೊನೆಗೆ ಕೈ ಕೆಲಸ. ನೋಟ್‌ಪ್ಯಾಡ್ ತೆರೆದು ಪ್ರತಿ ಕೀ ಒತ್ತಿ. ಎಲ್ಲ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ. ಕ್ಯಾಮೆರಾ ಆ್ಯಪಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ ಕೇಳಿ. ಮೈಕು, ಸ್ಪೀಕರ್, ಕ್ಯಾಮೆರಾ ಮೂರೂ ಒಂದೇ ಏಟಿಗೆ ಗೊತ್ತಾಗುತ್ತವೆ. ಪರದೆಯನ್ನು ಪೂರ್ತಿ ಬಿಳಿ ಮಾಡಿ ಕಲೆ, ಗೆರೆ ನೋಡಿ. ಚಾರ್ಜರ್ ಮೂಲದ್ದೇ ಇರಲಿ. ಡೆಲ್ ಯಂತ್ರಗಳು ಬೇರೆ ಚಾರ್ಜರನ್ನು ಗುರುತಿಸದೆ ಹೋದರೆ ಬ್ಯಾಟರಿ ಚಾರ್ಜ್ ಮಾಡುವುದಿಲ್ಲ, ಪ್ರೊಸೆಸರಿನ ವೇಗವನ್ನೂ ತಗ್ಗಿಸುತ್ತವೆ. ಜನ ಅದನ್ನು ಯಂತ್ರದ ಕಾಯಿಲೆ ಎಂದು ತಿಳಿಯುತ್ತಾರೆ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್, ಎಷ್ಟು ತಿಂಗಳ ವಾರಂಟಿ, ವಾರಂಟಿ ಯಾವುದಕ್ಕೆ ಎಂದು ಬರೆಸಿಕೊಳ್ಳಿ. ಬಿಲ್ ಕೊಡಲು ಒಪ್ಪದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಪ್ರಶ್ನೆ: ಮಗನಿಗೆ ಏಳು ವರ್ಷ. ಈಗಲೇ ಲ್ಯಾಪ್‌ಟಾಪ್ ಬೇಕೇ, ಟ್ಯಾಬ್ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ಸಾಕು. ಈ ವಯಸ್ಸಿನ ಕ್ಲಾಸಿನಲ್ಲಿ ಮಗು ನೋಡುವುದು, ಮಾತಾಡುವುದು, ಬೆರಳಲ್ಲಿ ಬರೆಯುವುದು, ಟೈಪಿಂಗ್ ಇಲ್ಲ. 10 ಇಂಚಿನ ಪರದೆ, ಗಟ್ಟಿ ಕವರ್, ನೆಟ್ಟಗೆ ನಿಲ್ಲುವ ಸ್ಟ್ಯಾಂಡ್ ಇರಲಿ. ಕೈಯಲ್ಲಿ ಹಿಡಿದು ಕೂತರೆ ಕ್ಯಾಮೆರಾಕ್ಕೆ ಸೀಲಿಂಗ್ ಫ್ಯಾನ್ ಕಾಣುತ್ತದೆಯೇ ಹೊರತು ಮಗು ಕಾಣುವುದಿಲ್ಲ. ಹೋಮ್‌ವರ್ಕನ್ನು ಟೈಪ್ ಮಾಡಿ ಕಳಿಸುವ ಕಾಲ ಬಂದಾಗ, ಹೆಚ್ಚುಕಮ್ಮಿ ಒಂಬತ್ತು ಹತ್ತು ವರ್ಷಕ್ಕೆ, ಲ್ಯಾಪ್‌ಟಾಪ್ ಯೋಚಿಸಿ. ಟ್ಯಾಬಿಗೆ ಕೀಬೋರ್ಡ್ ಕೊಂಡು ಲ್ಯಾಪ್‌ಟಾಪ್ ಮಾಡಹೊರಟರೆ ಎರಡರ ದುಡ್ಡೂ ಹೋಗುತ್ತದೆ.

ಪ್ರಶ್ನೆ: ಮಗನ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ ಎಂದು ಟೀಚರ್ ದಿನಾ ದೂರುತ್ತಾರೆ. ಬ್ಲೂಟೂತ್ ಇಯರ್‌ಬಡ್ಸ್ ಹಾಕಿದರೆ ಇನ್ನೂ ಹಾಳು. ಲ್ಯಾಪ್‌ಟಾಪ್ ಬದಲಿಸಬೇಕೇ?
– ಓದುಗರು, ಬಳ್ಳಾರಿ

ಉತ್ತರ: ಬೇಡ. ಐನೂರರಿಂದ ಸಾವಿರ ರೂಪಾಯಿಯೊಳಗೆ ಬಗೆಹರಿಯುವ ಸಮಸ್ಯೆ ಇದು. ಲ್ಯಾಪ್‌ಟಾಪಿನ ಮೈಕು ಮಗುವಿನ ಬಾಯಿಂದ ಎರಡು ಅಡಿ ದೂರ ಇರುತ್ತದೆ. ಬರಿಗೋಡೆಯ ಕೋಣೆಯ ಪ್ರತಿಧ್ವನಿ, ಫ್ಯಾನಿನ ಸದ್ದು ಎಲ್ಲವೂ ಅದರೊಳಗೆ ಸೇರುತ್ತವೆ.

ಬ್ಲೂಟೂತಿನದು ಬೇರೆ ಕಥೆ. ಸಾಮಾನ್ಯ ಬ್ಲೂಟೂತ್ ಸಾಧನಗಳು ಹಾಡು ಕೇಳುವಾಗ ಒಂದು ರೀತಿಯಲ್ಲಿ, ಮೈಕು ಆನ್ ಆದ ಕೂಡಲೇ ಫೋನ್ ಕರೆಯ ರೀತಿಯಲ್ಲಿ ಕೆಲಸ ಮಾಡುತ್ತವೆ. ಈ ಎರಡನೆಯ ರೀತಿಯಲ್ಲಿ ಗುಣಮಟ್ಟ ಇಳಿಯುತ್ತದೆ, ಕೇಳುವ ಶಬ್ದ ಕೂಡ.

ಬಾಯಿ ಹತ್ತಿರ ಮೈಕಿರುವ ತಂತಿಯ ಹೆಡ್‌ಸೆಟ್ ತನ್ನಿ. ಯುಎಸ್‌ಬಿ ಪಿನ್ನಿನದಾದರೆ ತಲೆನೋವೇ ಇಲ್ಲ. 3.5 ಮಿ.ಮೀ. ಪಿನ್ನಿನದಾದರೆ ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ: ಮೂರು ಇದ್ದರೆ ಮೈಕು ಸೇರಿ ಒಂದೇ ಪಿನ್ನಿನಲ್ಲಿದೆ, ಈಗಿನ ಲ್ಯಾಪ್‌ಟಾಪಿಗೆ ನೇರ ಹೊಂದುತ್ತದೆ. ಹಸಿರು, ಗುಲಾಬಿ ಎಂದು ಎರಡು ಪಿನ್ ಇರುವುದು ಡೆಸ್ಕ್‌ಟಾಪಿನದು. ಅದನ್ನು ಬಳಸಲು ಎರಡನ್ನು ಒಂದು ಮಾಡುವ ವೈ ಆಕಾರದ ಕನೆಕ್ಟರ್ ಬೇಕು. ಹಾಕಿದ ಮೇಲೆ ಜೂಮಿನ ಆಡಿಯೊ ಸೆಟ್ಟಿಂಗಿನಲ್ಲಿ ಮೈಕ್ ಯಾವುದು ಎಂಬಲ್ಲಿ ಹೆಡ್‌ಸೆಟ್ ಆರಿಸಿದೆಯೇ ನೋಡಿ. ಹೆಡ್‌ಸೆಟ್ ಕಿವಿಯಲ್ಲಿದ್ದರೂ ಮೈಕು ಲ್ಯಾಪ್‌ಟಾಪಿನದೇ ಆಗಿರುವುದು ತೀರಾ ಸಾಮಾನ್ಯ.

ಪ್ರಶ್ನೆ: ಆನ್‌ಲೈನ್ ಸಂಗೀತ ಪಾಠದಲ್ಲಿ ಮಗಳು ಹಾಡುವಾಗ ತಂಬೂರಿ ಶ್ರುತಿ ಗುರುಗಳಿಗೆ ಕೇಳಿಸುವುದೇ ಇಲ್ಲ, ಎಳೆದು ಹಾಡಿದ ಸ್ವರ ನಡುವೆ ಕಡಿದು ಹೋಗುತ್ತದೆ ಎನ್ನುತ್ತಾರೆ. ನೆಟ್ ಚೆನ್ನಾಗಿದೆ.
– ಓದುಗರು, ಉಡುಪಿ

ಉತ್ತರ: ಜೂಮ್ ತನ್ನ ಕೆಲಸವನ್ನು ಅತಿ ನಿಷ್ಠೆಯಿಂದ ಮಾಡುತ್ತಿದೆ. ಏರಿಳಿತವಿಲ್ಲದೆ ಒಂದೇ ಸಮ ಬರುವ ನಾದ ಅದರ ಲೆಕ್ಕದಲ್ಲಿ ಫ್ಯಾನಿನ ಗದ್ದಲ; ಹಾಗಾಗಿ ತಂಬೂರಿಯನ್ನು ಅಳಿಸುತ್ತದೆ, ದೀರ್ಘ ಸ್ವರವನ್ನೂ ಅದೇ ಗುಮಾನಿಯಿಂದ ನೋಡುತ್ತದೆ. ಕಂಪ್ಯೂಟರಿನ ಜೂಮಿನಲ್ಲಿ ಸೆಟ್ಟಿಂಗ್ಸ್, ಆಡಿಯೊ ತೆರೆದು ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆರಿಸಿ. ಕ್ಲಾಸ್ ಶುರುವಾದ ಮೇಲೆ ಪರದೆಯ ಮೇಲ್ಭಾಗದಲ್ಲಿ ಅದೇ ಹೆಸರಿನ ಗುಂಡಿ ಕಾಣುತ್ತದೆ. ಅದು ಆನ್ ಇದೆಯೇ ಪ್ರತಿ ಸಲ ನೋಡಿ. ಅದರಡಿ ಇರುವ ಎಕೋ ಕ್ಯಾನ್ಸಲೇಶನ್ನನ್ನು ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ತೆಗೆಯಿರಿ. ಸ್ಪೀಕರಿನಲ್ಲಿ ಕೇಳುತ್ತ ತೆಗೆದರೆ ಗುರುಗಳಿಗೆ ಅವರ ದನಿಯೇ ಮರಳಿ ಕೇಳುತ್ತದೆ. ಗೂಗಲ್ ಮೀಟ್ ಆದರೆ ಆಡಿಯೊ ಸೆಟ್ಟಿಂಗಿನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಫ್ ಮಾಡಿ.

ಒಟ್ಟಿಗೆ ಹಾಡುವುದು ಮಾತ್ರ ಇದರಿಂದಲೂ ಆಗದು. ನೆಟ್ಟಿನಲ್ಲಿ ದನಿ ಹೋಗಿ ಬರುವ ತಡ ಇದ್ದೇ ಇರುತ್ತದೆ, ತಾಳ ಕೂಡುವುದಿಲ್ಲ. ಗುರುಗಳು ಹಾಡಿ ನಿಲ್ಲಿಸಿದ ಮೇಲೆ ಶಿಷ್ಯರು ಹಾಡುವ ಕ್ರಮವೇ ಸರಿ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಲ್ಯಾಪ್‌ಟಾಪ್ ನಡೆಯುತ್ತಿರುತ್ತದೆ, ನೆಟ್ ಹೋಗುತ್ತದೆ. ಮೊಬೈಲ್ ಡೇಟಾ ದಿನದ 2 ಜಿಬಿ ಎರಡನೇ ಕ್ಲಾಸಿಗೇ ಖಾಲಿ.
– ಓದುಗರು, ತೀರ್ಥಹಳ್ಳಿ

ಉತ್ತರ: ಫೈಬರ್ ಕೇಬಲ್ ಕರೆಂಟಿಲ್ಲದೆಯೂ ಜೀವಂತ ಇರುತ್ತದೆ; ಸಾಯುವುದು ನಿಮ್ಮ ಮನೆಯ ರೌಟರ್. ಅದಕ್ಕೊಂದು ಮಿನಿ ಯುಪಿಎಸ್ ಹಾಕಿ, ಸಾವಿರದಿಂದ ಎರಡು ಸಾವಿರದೊಳಗೆ ಸಿಗುತ್ತದೆ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲಿನ ಅಕ್ಷರ ಓದಿ: ಹೆಚ್ಚಿನವು 12 ವೋಲ್ಟ್, 1 ಅಥವಾ 1.5 ಆಂಪ್, ಕೆಲವು 9 ವೋಲ್ಟ್. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟು ಅಥವಾ ಹೆಚ್ಚಿರಬೇಕು. ಡಬ್ಬಿಯ ಮೇಲಿನ 8,800 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 8.8ನ್ನು 3.7ರಿಂದ ಗುಣಿಸಿದರೆ ಸುಮಾರು 32 ವ್ಯಾಟ್ ಅವರ್. 12 ವೋಲ್ಟಿಗೆ ಏರಿಸುವಾಗ ಸ್ವಲ್ಪ ಸೋರಿಹೋಗುತ್ತದೆ. ರೌಟರ್ 8 ವ್ಯಾಟ್ ಎಳೆದರೆ ಮೂರರಿಂದ ಮೂರೂವರೆ ಗಂಟೆ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೌಟರ್ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು ಎಂಬುದನ್ನು ಮರೆಯುವವರೇ ಹೆಚ್ಚು. ಇಷ್ಟಾದರೂ ನಿಮ್ಮ ಊರಿನ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಮುಗಿದರೆ ಯಾರೂ ಏನೂ ಮಾಡಲಾಗದು, ಮೊಬೈಲೇ ಗತಿ.

ಆ ಮೊಬೈಲನ್ನು ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಕೇಬಲಿನಿಂದ ಜೋಡಿಸಿ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂದಿರುತ್ತದೆ. ಚಾರ್ಜೂ ಆಗುತ್ತದೆ, ಸಂಪರ್ಕವೂ ಕಡಿಯುವುದಿಲ್ಲ. ಸಿಗ್ನಲ್ ಸಿಗುವ ಕಿಟಕಿ ಹತ್ತಿರ ಫೋನ್ ಇಡಲು ಉದ್ದ ಕೇಬಲ್ ಇರಲಿ, ಚಾರ್ಜಿಂಗಿಗೆ ಮಾತ್ರವಲ್ಲ ಡೇಟಾಕ್ಕೂ ಆಗುವಂಥದ್ದು.

ಡೇಟಾ ಲೆಕ್ಕ: ಸೆಕೆಂಡಿಗೆ 1.2 ಮೆಗಾಬಿಟ್ ಬಂದರೆ ಗಂಟೆಗೆ 540 ಎಂಬಿ. ಎಚ್‌ಡಿ ಚಿತ್ರ, ಹತ್ತು ಮುಖ, ನಿಮ್ಮ ಕಡೆಯಿಂದ ಹೋಗುವ ವಿಡಿಯೊ ಎಲ್ಲ ಸೇರಿ ಗಂಟೆಗೆ 1 ಜಿಬಿ ದಾಟುವುದು ಸಹಜ. ಜೂಮಿನ ವಿಡಿಯೊ ಸೆಟ್ಟಿಂಗಿನಲ್ಲಿ ಎಚ್‌ಡಿ ತೆಗೆಯಿರಿ, ಟೀಚರ್ ಸ್ಲೈಡ್ ತೋರಿಸುವಾಗ ‘ಸ್ಟಾಪ್ ಇನ್‌ಕಮಿಂಗ್ ವಿಡಿಯೊ’ ಒತ್ತಿ. ಸ್ಲೈಡ್ ಕಾಣುತ್ತಲೇ ಇರುತ್ತದೆ, ಮುಖಗಳು ಹೋಗುತ್ತವೆ. ಇನ್ನು ಕದ್ದು ತಿನ್ನುವುದು ವಿಂಡೋಸ್ ಅಪ್‌ಡೇಟ್. ಮೊಬೈಲ್ ಜೋಡಿಸಿದಾಗ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ದೊಡ್ಡ ಡೌನ್‌ಲೋಡುಗಳು ನಿಲ್ಲುತ್ತವೆ. ಯುಎಸ್‌ಬಿಯಲ್ಲಿ ಜೋಡಿಸಿದ್ದು ಅಲ್ಲಿ ಈಥರ್‌ನೆಟ್ ಹೆಸರಿನಲ್ಲಿ ಕಾಣುತ್ತದೆ, ಗಲಿಬಿಲಿ ಬೇಡ.

ಪ್ರಶ್ನೆ: ಕ್ರೋಮ್‌ಬುಕ್ ಅಗ್ಗ, ಹಗುರ, ಬ್ಯಾಟರಿ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಮನೆಯಲ್ಲಿ ಓದುವ ಮಗುವಿಗೆ ಆಗುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಕ್ರೋಮ್‌ಬುಕ್ ಎಂದರೆ ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಒಎಸ್ ಇರುವ ಲ್ಯಾಪ್‌ಟಾಪ್. ನಿಮ್ಮ ಎಲ್ಲ ಕ್ಲಾಸುಗಳೂ ಬ್ರೌಸರಿನಲ್ಲೇ ನಡೆಯುವುದಾದರೆ ಆಗುತ್ತದೆ. ಮೀಟ್, ಗೂಗಲ್ ಕ್ಲಾಸ್‌ರೂಮ್, ಸ್ಕ್ರ್ಯಾಚ್, ಗಣಿತದ ಜಿಯೋಜೀಬ್ರಾ, ಸರ್ಕಾರದ ಪಾಠಗಳ ತಾಣ ದೀಕ್ಷಾ ಎಲ್ಲಕ್ಕೂ ಬ್ರೌಸರ್ ಸಾಕು. ವಿಂಡೋಸಿನ ಪ್ರೋಗ್ರಾಂಗಳು, ಕನ್ನಡ ಟೈಪಿಂಗಿನ ನುಡಿಯೂ ಸೇರಿ, ಇದರಲ್ಲಿ ಕೂರುವುದಿಲ್ಲ. ಕನ್ನಡ ಕೀಬೋರ್ಡ್ ಮಾತ್ರ ಅದರಲ್ಲೇ ಇದೆ. ಪರೀಕ್ಷೆಗೆಂದು ವಿಶೇಷ ಬ್ರೌಸರ್ ಹಾಕಿಕೊಳ್ಳಿ ಎನ್ನುವ ಕೋರ್ಸ್ ಇದ್ದರೆ ಮೊದಲೇ ಕೇಳಿ. ಸೇಫ್ ಎಕ್ಸಾಮ್ ಬ್ರೌಸರ್‌ನಂಥವು ವಿಂಡೋಸ್, ಆ್ಯಪಲ್ ಯಂತ್ರಗಳಿಗೆ ಮಾತ್ರ ಬರುತ್ತವೆ. ವಿಂಡೋಸಿನ ಬದಲು ಬಳಸುವ ಉಚಿತ ವ್ಯವಸ್ಥೆಯಾದ ಲಿನಕ್ಸಿಗೂ ಇದೇ ಮಾತು.

ಬೆಲೆ ತೀರಾ ಕಡಿಮೆ ಕಂಡರೆ ಅಪ್‌ಡೇಟ್ ತಾರೀಖು ನೋಡಿ. ಪ್ರತಿ ಕ್ರೋಮ್‌ಬುಕ್ ಮಾದರಿಗೂ ಅಪ್‌ಡೇಟ್ ನಿಲ್ಲುವ ದಿನ ಮೊದಲೇ ಗೊತ್ತಾಗಿದೆ. ಅದನ್ನು ಎಣಿಸುವುದು ಆ ಮಾದರಿಯ ಒಳಯಂತ್ರ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಕ್ರೋಮ್‌ಒಎಸ್’ ಒಳಗೆ ಈ ತಾರೀಖು ಸಿಗುತ್ತದೆ. ನಾಲ್ಕು ವರ್ಷವಾದರೂ ಬಾಕಿ ಇರಲಿ.

ಪ್ರಶ್ನೆ: ವಿಂಡೋಸ್ ಇಲ್ಲದ ಡಾಸ್ ಲ್ಯಾಪ್‌ಟಾಪ್ ಕೆಲವು ಸಾವಿರ ಕಡಿಮೆಗೆ ಬರುತ್ತದೆ. 500 ರೂಪಾಯಿಗೆ ವಿಂಡೋಸ್ ಕೀ ಸಿಗುತ್ತದಂತಲ್ಲ?
– ಓದುಗರು, ಹುಬ್ಬಳ್ಳಿ

ಉತ್ತರ: ಆ ಬೆಲೆಗೆ ಮೈಕ್ರೋಸಾಫ್ಟ್ ಯಾರಿಗೂ ಮಾರುವುದಿಲ್ಲ. ಯಾವುದೋ ಸಂಸ್ಥೆಗೆ ಕೊಟ್ಟ ಕೀಗಳು ಸೋರಿ ಬಂದಿರುತ್ತವೆ, ಯಾವತ್ತು ಬೇಕಾದರೂ ರದ್ದಾಗಬಹುದು. ಅಸಲಿ ಲೈಸೆನ್ಸ್ ಬಿಡಿಯಾಗಿ ಕೊಂಡರೆ ಉಳಿಸಿದ್ದಕ್ಕಿಂತ ಹೆಚ್ಚೇ ಹೋಗುತ್ತದೆ. ಡಾಸ್ ಯಂತ್ರ ಕೊಳ್ಳುವುದಾದರೆ ಲಿನಕ್ಸ್ ಮಿಂಟ್ ಹಾಕುವ ಮನಸ್ಸಿನಿಂದಲೇ ಕೊಳ್ಳಿ. ಜೂಮಿಗೆ ಲಿನಕ್ಸ್ ಆವೃತ್ತಿ ಇದೆ, ಬರಹ, ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್ ಜತೆಗೇ ಬರುತ್ತದೆ. ಇನ್ನು ಹೊಸ ವಿಂಡೋಸ್ ಯಂತ್ರದ ಡಬ್ಬಿ ಮೇಲೆ ‘ಎಸ್ ಮೋಡ್’ ಎಂದಿದ್ದರೆ ಹೆದರಬೇಕಿಲ್ಲ. ಸ್ಟೋರಿನ ಹೊರಗಿನ ಪ್ರೋಗ್ರಾಂ ಹಾಕಲು ಅದು ಬಿಡುವುದಿಲ್ಲ. ಆ್ಯಕ್ಟಿವೇಶನ್ ಪುಟದಿಂದ ಸ್ಟೋರಿಗೆ ಹೋಗಿ ಪುಕ್ಕಟೆ ಹೊರಬರಬಹುದು, ಮತ್ತೆ ಒಳಹೋಗಲು ಮಾತ್ರ ಆಗದು.

ಪ್ರಶ್ನೆ: ಮಗಳು ನುಡಿಯಲ್ಲಿ ಟೈಪ್ ಮಾಡಿದ ಪ್ರಬಂಧವನ್ನು ಗೂಗಲ್ ಡಾಕ್ಸಿಗೆ ಅಂಟಿಸಿದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ.
– ಓದುಗರು, ಕಲಬುರಗಿ

ಉತ್ತರ: ನುಡಿಯ ಹಳೆಯ ಫಾಂಟ್ ವಿಧಾನದಲ್ಲಿ ಟೈಪ್ ಮಾಡಿದ್ದಾಳೆ. ಅದರಲ್ಲಿ ಉಳಿಯುವುದು ಇಂಗ್ಲಿಷ್ ಸಂಕೇತಗಳೇ; ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ. ನುಡಿಯಲ್ಲೇ ಯೂನಿಕೋಡ್ (ಕನ್ನಡ ಅಕ್ಷರಗಳನ್ನೇ ಉಳಿಸುವ, ಎಲ್ಲ ಕಡೆ ನಡೆಯುವ ಸಂಕೇತ ಕ್ರಮ) ಆಯ್ಕೆ ಇದೆ, ಅದನ್ನು ಆರಿಸಿದರೆ ಅದೇ ಕೀಲಿಮಣೆ ವಿನ್ಯಾಸದಲ್ಲಿ ಮುಂದುವರಿಯಬಹುದು. ಈಗಷ್ಟೇ ಕಲಿಯುವ ಮಕ್ಕಳಿಗಾದರೆ ಏನನ್ನೂ ಇಳಿಸುವುದು ಬೇಡ: ಸೆಟ್ಟಿಂಗ್ಸ್, ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅಲ್ಲಿ ಕನ್ನಡ ಸೇರಿಸಿ, ಕೀಬೋರ್ಡುಗಳಲ್ಲಿ ‘ಕನ್ನಡ ಫೊನೆಟಿಕ್’ ಆರಿಸಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿಗೂ ಕನ್ನಡಕ್ಕೂ ಬದಲಾಗುತ್ತದೆ. ಈಗಾಗಲೇ ಬರೆದ ಪ್ರಬಂಧವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿ.

ಪ್ರಶ್ನೆ: ಕ್ಲಾಸ್ ನಡೆಯುತ್ತಿರುವಂತೆಯೇ ಮಗ ಇನ್ನೊಂದು ಕಿಟಕಿಯಲ್ಲಿ ಗೇಮ್ ಆಡುತ್ತಾನೆ. ಏನಾದರೂ ಬೀಗ ಹಾಕಬಹುದೇ?
– ಓದುಗರು, ಮಂಗಳೂರು

ಉತ್ತರ: ಅರ್ಧ ಬೀಗ ಹಾಕಬಹುದು. ಮೊದಲು ಅಡ್ಮಿನ್ ಖಾತೆ ನಿಮ್ಮ ಹೆಸರಿನಲ್ಲಿರಲಿ, ಮಗನಿಗೆ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ. ಆಗ ನಿಮ್ಮ ಪಾಸ್‌ವರ್ಡ್ ಇಲ್ಲದೆ ಹೆಚ್ಚಿನ ಪ್ರೋಗ್ರಾಂ ಹಾಕಲು ಬರುವುದಿಲ್ಲ. ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಉಚಿತ. ದಿನಕ್ಕೆಷ್ಟು ಗಂಟೆ, ಯಾವ ಆ್ಯಪ್ ಎಂದು ಅದರಲ್ಲಿ ಮಿತಿ ಇಡಬಹುದು. ಅದರ ವೆಬ್‌ಸೈಟ್ ಜರಡಿ ಕೆಲಸ ಮಾಡುವುದು ಎಡ್ಜ್ ಬ್ರೌಸರಿನಲ್ಲಿ ಮಾತ್ರ. ಆದ್ದರಿಂದ ಅದನ್ನು ಆನ್ ಮಾಡಿದರೆ ಕ್ರೋಮ್ ತೆರೆಯದೆ ಹೋಗಬಹುದು, ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಯೂಟ್ಯೂಬನ್ನು ಪೂರ್ತಿ ಮುಚ್ಚಿದರೆ ಪಾಠದ ವಿಡಿಯೊಗಳೂ ಹೋಗುತ್ತವೆ, ಬಿಟ್ಟರೆ ಎಲ್ಲವೂ ಬರುತ್ತದೆ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಒಳ್ಳೆ ಉಪಾಯ ಇಲ್ಲ. ಮೇಜನ್ನು ತಿರುಗಿಸಿ, ಪರದೆ ಬಾಗಿಲ ಕಡೆಗಿರಲಿ.

ಪ್ರಶ್ನೆ: ಅಮೆರಿಕದಿಂದ ಭಾವ ಬರುತ್ತಿದ್ದಾರೆ. ಅಲ್ಲಿ ಅಗ್ಗವಂತೆ, ತರಿಸಲೇ?
– ಓದುಗರು, ಶಿವಮೊಗ್ಗ

ಉತ್ತರ: ವಿಮಾನದಲ್ಲಿ ಬರುವ 18 ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಭಾವ ತಮ್ಮದೂ ಒಂದು ಹೊತ್ತು ತರುವವರಾದರೆ ಮೊದಲೇ ಯೋಚಿಸಲಿ. ಅಲ್ಲಿ ಬೋರ್ಡಿನ ಮೇಲೆ ಬರೆದ ಬೆಲೆಗೆ ಹೆಚ್ಚಿನ ರಾಜ್ಯಗಳಲ್ಲಿ ಮಾರಾಟ ತೆರಿಗೆ ಬೇರೆ ಸೇರುತ್ತದೆ. ಚಾರ್ಜರ್ 100ರಿಂದ 240 ವೋಲ್ಟ್ ತಡೆಯುತ್ತದೆ, ಪಿನ್ನು ಮಾತ್ರ ಬೇರೆ. ಗೋಡೆಗೆ ಹೋಗುವ ತಂತಿಯನ್ನಷ್ಟೇ ಇಲ್ಲಿಯದಕ್ಕೆ ಬದಲಿಸಿ. ಅಗ್ಗದ ಮಾದರಿಗಳ ವಾರಂಟಿ ಅನೇಕ ಸಲ ಕೊಂಡ ದೇಶಕ್ಕಷ್ಟೇ ಸೀಮಿತ. ಕೊಳ್ಳುವ ಮೊದಲು ಆ ಮಾದರಿಗೆ ಭಾರತದಲ್ಲಿ ಸರ್ವಿಸ್ ಇದೆಯೇ ಎಂದು ಕಂಪನಿಗೇ ಬರೆದು ಕೇಳಿ. ಇಲ್ಲವೆಂದರೆ ನಾಲ್ಕೈದು ಸಾವಿರದ ಉಳಿತಾಯಕ್ಕೆ ತರಿಸಬೇಡಿ.